ಬಾಲ್ ಬರುವ ಮೊದಲೇ ಯೋಚಿಸುವ ಮಕ್ಕಳು

ಸಾಫ್ಟ್‌ಬಾಲ್ ಕಲಿಸುವ ಬೇರೆ ಶಾಲೆಯವರು ಸಿಕ್ಕಿದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ. "ಮಕ್ಕಳಿಗೆ ಹಿಡಿಯಲು ಬರುತ್ತದೆ ಟೀಚರೇ, ಎಸೆಯಲೂ ಬರುತ್ತದೆ. ಮ್ಯಾಚಿನಲ್ಲಿ ಮಾತ್ರ ತಲೆ ಓಡುವುದಿಲ್ಲ." ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಮಕ್ಕಳ ತಲೆ ಚೆನ್ನಾಗಿಯೇ ಓಡುತ್ತದೆ. ಆದರೆ ಅದು ಓಡಲು ಶುರುವಾಗುವುದು ಬಾಲ್ ಕೈಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ನಾನು ಗಣಿತದ ಟೀಚರ್, ಹಾಗಾಗಿ ಮಕ್ಕಳಿಗೆ ಮೊದಲು ಲೆಕ್ಕವನ್ನೇ ಹೇಳುತ್ತೇನೆ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ಹಾಗಿನ ಆಟ: ಬ್ಯಾಟರ್ ಬಾಲ್ ಹೊಡೆದು ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ಮುಟ್ಟಿ ಹೋಮಿಗೆ ಬಂದರೆ ಒಂದು ರನ್, ಮೂರು ಔಟ್ ಆದರೆ ಆ ಟೀಮಿನ ಸರದಿ ಮುಗಿಯಿತು. ಒಂದು ಬೇಸಿನಿಂದ ಇನ್ನೊಂದು ಬೇಸಿಗೆ 60 ಅಡಿ, ಅಂದರೆ 18.29 ಮೀಟರ್. ಬೇಸ್‌ಬಾಲಿನಲ್ಲಿ ಇದು 90 ಅಡಿ. ನಮ್ಮ ಏಳನೇ ಕ್ಲಾಸಿನ ಚುರುಕು ಹುಡುಗಿ 60 ಅಡಿಯನ್ನು ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾಳೆ. ಹೊಡೆದ ಬಾಲ್ ನೆಲದ ಮೇಲೆ ಉರುಳಿ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸಿನ ನಡುವೆ ನಿಲ್ಲುವವಳು) ಹತ್ತಿರ ಬರಲು ಒಂದೂವರೆ ಸೆಕೆಂಡಾದರೂ ಬೇಕು. ಬಗ್ಗಿ ಹಿಡಿದು, ಗ್ಲೌಸಿನಿಂದ ತೆಗೆದು ಎಸೆಯಲು ಇನ್ನೊಂದು ಸೆಕೆಂಡು. ಎಸೆದದ್ದು ಫಸ್ಟ್ ಬೇಸಿಗೆ ಮುಟ್ಟಲು ಒಂದಕ್ಕಿಂತ ಜಾಸ್ತಿ. ಕೂಡಿಸಿ ನೋಡಿ. ಯೋಚನೆಗೆ ಎಂದು ಏನಾದರೂ ಉಳಿಯಿತಾ? ಬಾಲ್ ಹಿಡಿದು ತಲೆ ಎತ್ತಿ, "ಎಲ್ಲಿಗೆ ಎಸೆಯಲಿ" ಎಂದು ಒಂದು ಸಲ ಆಚೀಚೆ ನೋಡಿದರೆ ರನ್ನರ್ ಬೇಸಿನ ಮೇಲೆ ನಿಂತಾಯಿತು. ಹಾಗಾದರೆ ಯೋಚನೆ ಮಾಡುವುದು ಯಾವಾಗ? ಪಿಚರ್, ಅಂದರೆ ಬ್ಯಾಟರ್‌ಗೆ ಬಾಲ್ ಹಾಕುವವಳು, ಬಾಲ್ ಕೈಯಲ್ಲಿ ಹಿಡಿದು ನಿಂತಿರುವಾಗ, ಏನೂ ನಡೆಯುತ್ತಿಲ್ಲ ಎಂದು ಕಾಣುವ ಹೊತ್ತಿನಲ್ಲಿ.

ನಮ್ಮದು ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಸಿಗುವ ಒಂದು ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆ. ಗುಡ್ಡೆ ಕಡಿದು ಸಮ ಮಾಡಿದ ಮೈದಾನ, ಕೆಂಪು ಮುರಕಲ್ಲಿನ ನೆಲ. ಬಾಲ್ ಒಮ್ಮೆ ಮೊಣಕಾಲಿಗೆ ಬಂದರೆ ಇನ್ನೊಮ್ಮೆ ಗಲ್ಲಕ್ಕೆ ಬರುತ್ತದೆ. ಲೆಫ್ಟ್ ಫೀಲ್ಡಿನ ಆಚೆ ಅಡಿಕೆ ತೋಟ. ಬೇಸ್ ಎಂದರೆ ಮಣ್ಣು ತುಂಬಿ ಹೊಲಿದ ಗೋಣಿ ಚೀಲ. ಐದರಿಂದ ಏಳನೇ ಕ್ಲಾಸಿನ ಹುಡುಗಿಯರು ಆಡುತ್ತಾರೆ. ಮನೆಯಲ್ಲಿ ಒಬ್ಬಳದು ತುಳು, ಒಬ್ಬಳದು ಮಲಯಾಳ, ಒಬ್ಬಳದು ಬ್ಯಾರಿ, ಒಬ್ಬಳದು ಹವ್ಯಕ ಕನ್ನಡ. ಮೈದಾನದಲ್ಲಿ ಕೂಗುವುದನ್ನು ನಾವು ಮೊದಲೇ ನಿಶ್ಚಯ ಮಾಡಿಕೊಂಡಿದ್ದೇವೆ. ಬೇಸ್‌ಗಳಿಗೆ ವನ್, ಟೂ, ತ್ರೀ, ಹೋಮ್. ಮೇಲೆ ಹೋದ ಬಾಲಿಗೆ "ನಂದು!" ಅಷ್ಟು ಸಾಕು.

ಪ್ರತಿ ಪಿಚ್‌ಗೂ ಮೊದಲು ಪ್ರತಿಯೊಬ್ಬಳೂ ತನ್ನೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ನಾಲ್ಕು. ಎಷ್ಟು ಔಟ್ ಆಗಿದೆ? ರನ್ನರ್ ಯಾರು, ಎಲ್ಲೆಲ್ಲಿ? ನನಗೆ ಬಾಲ್ ಬಂದರೆ ಎಲ್ಲಿಗೆ ಎಸೆಯುವುದು? ನನಗೆ ಬಾರದಿದ್ದರೆ ನಾನು ಎಲ್ಲಿಗೆ ಓಡುವುದು? ಮೊದಲ ಮೂರನ್ನು ಎಲ್ಲರೂ ಕಲಿಸುತ್ತಾರೆ. ನಾಲ್ಕನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಮೈದಾನದಲ್ಲಿ ಒಂಬತ್ತು ಜನ. ಒಂದು ಸಲಕ್ಕೆ ಬಾಲ್ ಇರುವುದು ಒಬ್ಬಳ ಕೈಯಲ್ಲಿ. ಉಳಿದ ಎಂಟು ಜನ ನಿಂತು ನೋಡಿದರೆ ಅದು ಟೀಮ್ ಆಗುವುದಾದರೂ ಹೇಗೆ?

ರೈಟ್ ಫೀಲ್ಡನ್ನೇ, ಅಂದರೆ ಬೇಸ್‌ಗಳ ಆಚೆ ಬಲಗಡೆಯ ದೂರದ ಜಾಗವನ್ನೇ, ತೆಗೆದುಕೊಳ್ಳಿ. ಶಾಲಾ ಟೀಮುಗಳಲ್ಲಿ ಯಾರಿಗೆ ಆಟ ಕಡಿಮೆ ಬರುತ್ತದೋ ಅವಳನ್ನು ಅಲ್ಲಿ ನಿಲ್ಲಿಸುವುದು ರೂಢಿ. ಅಲ್ಲಿಗೆ ಬಾಲ್ ಹೋಗುವುದೂ ಕಡಿಮೆ. ಆದರೆ ಇನ್‌ಫೀಲ್ಡಿನಿಂದ (ಬೇಸ್‌ಗಳ ಸುತ್ತಲಿನ ಜಾಗದಿಂದ) ಫಸ್ಟ್ ಬೇಸಿಗೆ ಬಾಲ್ ಎಸೆದಾಗಲೆಲ್ಲ ಅದರ ಹಿಂದೆ ಓಡಿ ಬಂದು ನಿಲ್ಲಬೇಕಾದವಳು ರೈಟ್ ಫೀಲ್ಡರ್. ಹತ್ತರಲ್ಲಿ ಎಂಟು ಸಲ ಆ ಓಟ ದಂಡ. ಒಂಬತ್ತನೆಯ ಸಲ ಬಾಲ್ ಫಸ್ಟ್ ಬೇಸಿನವಳ ತಲೆ ಮೇಲೆ ಹಾರಿ ಹೋಗುತ್ತದೆ. ಹಿಂದೆ ಯಾರೂ ಇಲ್ಲದಿದ್ದರೆ ಬ್ಯಾಟರ್ ಸೀದಾ ಥರ್ಡ್ ಬೇಸಿಗೆ. ನಮ್ಮ ಟೀಮಿನಲ್ಲಿ ಐದನೇ ಕ್ಲಾಸಿನ ಒಬ್ಬಳು ಪುಟ್ಟ ಹುಡುಗಿ ಇದ್ದಾಳೆ. ಅವಳ ಎಸೆತ ಇನ್ನೂ ದೂರ ಹೋಗುವುದಿಲ್ಲ. ಆದರೆ ಈ ಓಟವನ್ನು ಅವಳು ಒಂದು ಸಲವೂ ತಪ್ಪಿಸುವುದಿಲ್ಲ. ಉಪಜಿಲ್ಲಾ ಪಂದ್ಯದಲ್ಲಿ ಹಾಗೆ ಹಾರಿ ಬಂದ ಬಾಲನ್ನು ಅವಳು ನಿಲ್ಲಿಸಿದಾಗ ಎರಡನೇ ಬೇಸಿಗೆ ಹೊರಟಿದ್ದ ರನ್ನರ್ ಹಿಂದೆ ತಿರುಗಿ ಓಡಿದಳು. ಅದು ಸ್ಕೋರ್ ಶೀಟಿನಲ್ಲಿ ಕಾಣುವುದಿಲ್ಲ. ಅವತ್ತು ಎಲ್ಲಕ್ಕಿಂತ ಮೊದಲು ಹೊಗಳಿದ್ದು ಅವಳನ್ನು.

ಇನ್ನು ಫೋರ್ಸ್ ಮತ್ತು ಟ್ಯಾಗ್. ಇದು ಅರ್ಥವಾಗದ ಮಗುವಿಗೆ ಉಳಿದದ್ದೆಲ್ಲ ಸುಮ್ನೆ ಬಾಯಿಪಾಠ. ಬ್ಯಾಟರ್ ಹೊಡೆದು ಫಸ್ಟ್ ಬೇಸಿಗೆ ಓಡಿ ಬರುವಾಗ, ಅಲ್ಲಿ ಮೊದಲೇ ಇದ್ದ ರನ್ನರ್ ಜಾಗ ಖಾಲಿ ಮಾಡಲೇಬೇಕು. ಅವಳಿಗೆ ಬೇರೆ ದಾರಿ ಇಲ್ಲ. ಅದಕ್ಕೇ ಬಾಲ್ ಹಿಡಿದು ಸೆಕೆಂಡ್ ಬೇಸ್ ಮುಟ್ಟಿದರೆ ಸಾಕು, ಅವಳು ಔಟ್. ಇದು ಫೋರ್ಸ್. ಆದರೆ ಫಸ್ಟ್ ಬೇಸ್ ಖಾಲಿ ಇದ್ದು ಸೆಕೆಂಡಿನಲ್ಲಿ ಮಾತ್ರ ರನ್ನರ್ ಇದ್ದರೆ ಅವಳನ್ನು ಯಾರೂ ದಬ್ಬುತ್ತಿಲ್ಲ. ಅವಳು ಓಡಬಹುದು, ಓಡದೆ ನಿಲ್ಲಬಹುದು. ಥರ್ಡ್ ಬೇಸಿನಲ್ಲಿ ಅವಳನ್ನು ಔಟ್ ಮಾಡಲು ಬಾಲ್ ಇರುವ ಗ್ಲೌಸಿನಿಂದ ಅವಳನ್ನೇ ಮುಟ್ಟಬೇಕು. ಇದು ಟ್ಯಾಗ್. ಇಷ್ಟನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಕಷ್ಟ ಇರುವುದು ಮುಂದಿನದರಲ್ಲಿ. ಫಸ್ಟ್ ಬೇಸಿನಲ್ಲಿ ರನ್ನರ್ ಇದ್ದಾಳೆ. ಉರುಳಿ ಬಂದ ಬಾಲನ್ನು ಫಸ್ಟ್ ಬೇಸಿನವಳು ಹಿಡಿದು, ಮೊದಲು ತನ್ನ ಬೇಸನ್ನೇ ಮುಟ್ಟಿ, ಆಮೇಲೆ ಸೆಕೆಂಡಿಗೆ ಎಸೆಯುತ್ತಾಳೆ. ಬ್ಯಾಟರ್ ಔಟ್ ಆದ ಕ್ಷಣಕ್ಕೇ ದಬ್ಬುವವರು ಇಲ್ಲವಾದರು. ಈಗ ಸೆಕೆಂಡಿನವಳು ಬೇಸ್ ಮುಟ್ಟಿದರೆ ಸಾಲದು, ರನ್ನರನ್ನೇ ಮುಟ್ಟಬೇಕು. ಆಗ ಎಸೆದವಳು ಬಾಲಿನ ಜೊತೆಗೇ "ಟ್ಯಾಗ್!" ಎಂದು ಕೂಗಬೇಕು. ಈ ಒಂದು ಕೂಗಿಗಾಗಿ ನಾವು ತುಂಬಾ ಹೊತ್ತು ಖರ್ಚು ಮಾಡುತ್ತೇವೆ.

ಇದನ್ನೆಲ್ಲ ಕಲಿಸಲು ಮಳೆಗಾಲ ಒಳ್ಳೆಯದು ಎಂದರೆ ನಂಬುತ್ತೀರಾ? ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೆ, ಜೂನಿನಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಮೈದಾನ ಒಣಗಿ ಕಾಲಿಡುವ ಹಾಗೆ ಆಗುವಷ್ಟರಲ್ಲಿ ಪಂದ್ಯಗಳು ಬಂದೇ ಬಿಡುತ್ತವೆ. ಆದ್ದರಿಂದ ಜೂನ್, ಜುಲೈ, ಆಗಸ್ಟಿನಲ್ಲಿ ನಾವು ಕ್ಲಾಸಿನೊಳಗೆ ಆಡುತ್ತೇವೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆಯುತ್ತೇವೆ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಗಳಲ್ಲಿ ಚೆನ್ನೆಮಣೆ (ಗುಳಿಗಳಿರುವ ಆಟದ ಮಣೆ) ಹೇಗೂ ಕೆಳಗಿಳಿದಿರುತ್ತದೆ, ಅದರ ಕಾಯಿಗಳನ್ನು ಮಕ್ಕಳೇ ತರುತ್ತಾರೆ. ಕಾಯಿಗಳು ರನ್ನರ್‌ಗಳು, ಹುಣಸೆ ಬೀಜ ಫೀಲ್ಡರ್‌ಗಳು, ಒಂದು ಗುಂಡಿ ಬಾಲ್. ನಾನು ಸ್ಥಿತಿ ಹೇಳುತ್ತೇನೆ: ಒಂದು ಔಟ್, ಫಸ್ಟ್ ಮತ್ತು ಥರ್ಡಿನಲ್ಲಿ ರನ್ನರ್, ನಾವು ಒಂದು ರನ್ ಮುಂದೆ, ಬಾಲ್ ಪಿಚರ್ ಕಡೆಗೆ ಮೆಲ್ಲಗೆ ಉರುಳಿತು. ಒಂಬತ್ತು ಬೀಜಗಳನ್ನೂ ಜರುಗಿಸಬೇಕು. ಯಾವ ಬೀಜ ಜರುಗದೆ ಉಳಿಯಿತೋ ಅದರ ಬಗ್ಗೆಯೇ ಜಗಳ ಶುರು. "ಲೆಫ್ಟ್ ಫೀಲ್ಡರ್ ಎಂತ ಮಾಡುತ್ತಿದ್ದಾಳೆ ಅಲ್ಲಿ? ಥರ್ಡಿನ ಹಿಂದೆ ಬರಲಿ!" ಇದನ್ನು ನಾನು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಹೊರಗೆ ಧಾರಾಕಾರ ಮಳೆ ಸುರಿಯುತ್ತಿರುವಾಗ ಹನ್ನೊಂದು ವರ್ಷದ ಮಕ್ಕಳು ಹುಣಸೆ ಬೀಜ ಎಲ್ಲಿರಬೇಕು ಎಂದು ಅಷ್ಟು ಗಟ್ಟಿಯಾಗಿ ವಾದ ಮಾಡುವುದನ್ನು ನೋಡಲು ನನಗೆ ಬಹಳ ಇಷ್ಟ.

ಮೈದಾನಕ್ಕಿಳಿದ ಮೇಲೆ ನನ್ನ ಮುಖ್ಯ ಪಾಠ ಆಟವನ್ನು ನಡುವೆ ನಿಲ್ಲಿಸುವುದು. ಸೀಟಿ ಊದಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಆಗ ಯಾರನ್ನಾದರೂ ಕೇಳುತ್ತೇನೆ: "ನಿನಗೆ ಏನು ಕಾಣಿಸಿತು?" "ಅಲ್ಲಿಗೆ ಯಾಕೆ ಎಸೆದೆ" ಎಂದು ಕೇಳಿದರೆ ಮಗು ಬೈಗುಳ ಎಂದುಕೊಳ್ಳುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ಏನು ಕಾಣಿಸಿತು ಎಂದರೆ ನಿಜ ಹೇಳುತ್ತದೆ. ಒಮ್ಮೆ ನಮ್ಮ ಶಾರ್ಟ್‌ಸ್ಟಾಪ್ ಸುಲಭದ ಫಸ್ಟ್ ಬೇಸನ್ನು ಬಿಟ್ಟು ಥರ್ಡಿಗೆ ಎಸೆದಳು. ಟ್ಯಾಗ್ ಮಾಡಬೇಕಾದ ಜಾಗ, ಅಪಾಯದ ಎಸೆತ. ರನ್ನರ್ ಔಟ್ ಆದಳು. ಕೇಳಿದೆ. "ಟೀಚರ್, ಅವಳು ತಿರುಗಿ ತಿರುಗಿ ನೋಡಿಕೊಂಡು ಓಡುತ್ತಿದ್ದಳು" ಎಂದಳು. ತಿರುಗಿ ನೋಡುವವರ ಓಟ ನಿಧಾನ ಆಗುತ್ತದೆ ಎಂದು ನಾನು ಯಾವತ್ತೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವಳು ನೋಡಿದಳು, ನಿರ್ಧಾರ ಮಾಡಿದಳು. ನನಗೆ ಬೇಕಾದದ್ದು ಇದೇ. ಇನ್ನೊಬ್ಬಳು ಅದೇ ಎಸೆತವನ್ನು ಸುಮ್ನೆ ಗಾಬರಿಯಲ್ಲಿ ಎಸೆದು ಔಟ್ ಸಿಕ್ಕಿದ್ದರೆ ನಾನು ಚಪ್ಪಾಳೆ ತಟ್ಟುತ್ತಿರಲಿಲ್ಲ. ಫಲ ಒಂದೇ ಆದರೂ ಒಳಗಿನ ಕೆಲಸ ಬೇರೆ.

ರನ್ ಕೊಟ್ಟು ಔಟ್ ತೆಗೆದುಕೊಳ್ಳುವುದನ್ನು ಒಪ್ಪಿಸಲು ಮಾತ್ರ ತುಂಬಾ ತಾಳ್ಮೆ ಬೇಕು. ಸಾಫ್ಟ್‌ಬಾಲ್ ಏಳು ಇನ್ನಿಂಗ್ಸಿನ ಆಟ. ಕೊನೆಯ ಇನ್ನಿಂಗ್ಸ್ ಎಂದುಕೊಳ್ಳಿ. ನಾವು ಎರಡು ರನ್ ಮುಂದಿದ್ದೇವೆ. ಒಂದು ಔಟ್. ಥರ್ಡಿನಲ್ಲಿ ಮಾತ್ರ ರನ್ನರ್. ಬಾಲ್ ಸೆಕೆಂಡ್ ಬೇಸಿನವಳಿಗೆ ಬಂತು. ಕಣ್ಣ ಮುಂದೆ ರನ್ನರ್ ಹೋಮ್ ಕಡೆಗೆ ಓಡುತ್ತಿದ್ದಾಳೆ. ಮಗುವಿನ ಮನಸ್ಸು "ಅವಳನ್ನು ಹಿಡಿ" ಎನ್ನುತ್ತದೆ. ಎಸೆದರೆ, ಸ್ವಲ್ಪ ಅಡ್ಡ ಹೋದರೆ, ರನ್ನೂ ಹೋಯಿತು, ಬ್ಯಾಟರ್ ಸೆಕೆಂಡಿನಲ್ಲಿ ಬಂದು ನಿಂತಳು, ಔಟ್ ಇನ್ನೂ ಒಂದೇ. ಫಸ್ಟಿಗೆ ಎಸೆದರೆ ಒಂದು ರನ್ ಹೋಗುತ್ತದೆ ನಿಜ. ಆದರೆ ಎರಡು ಔಟ್, ಬೇಸ್ ಖಾಲಿ, ನಾವಿನ್ನೂ ಒಂದು ರನ್ ಮುಂದೆ. ಇದೇ ಸ್ಥಿತಿಯಲ್ಲಿ ಸ್ಕೋರ್ ಸಮ ಇದ್ದು ಎದುರಿನವರು ಕೊನೆಯಲ್ಲಿ ಬ್ಯಾಟ್ ಮಾಡುತ್ತಿದ್ದರೆ ಉತ್ತರ ಪೂರಾ ಉಲ್ಟಾ. ಆ ರನ್ ಬಂದರೆ ಆಟವೇ ಮುಗಿಯಿತು, ಹೋಮಿಗೇ ಎಸೆಯಬೇಕು. ಬಾಲ್ ಅದೇ, ರನ್ನರ್ ಅದೇ, ಸ್ಕೋರ್ ಬೇರೆ. ಅದಕ್ಕೇ ನಮ್ಮ ಅಭ್ಯಾಸದಲ್ಲೂ ಸ್ಕೋರ್ ಇಲ್ಲದೆ ಒಂದು ಬಾಲೂ ಹಾಕುವುದಿಲ್ಲ. ಸುಳ್ಳು ಸ್ಕೋರಾದರೂ ಸರಿ, ಹಲಗೆ ಮೇಲೆ ಬರೆದಿರಬೇಕು.

ಎಸೆಯದೆ ಬಾಲ್ ಇಟ್ಟುಕೊಳ್ಳುವುದೂ ಒಂದು ನಿರ್ಧಾರ. ಇದನ್ನು ದಿನಾ ಹೇಳುತ್ತೇನೆ. ಸಾಫ್ಟ್‌ಬಾಲಿನಲ್ಲಿ ಇದಕ್ಕೆ ಒಂದು ಒಳ್ಳೆಯ ನಿಯಮದ ಬಲವೂ ಇದೆ. ಪಿಚರ್ ನಿಲ್ಲುವ ಜಾಗದ ಸುತ್ತ ಎಂಟು ಅಡಿ ತ್ರಿಜ್ಯದ ಒಂದು ವೃತ್ತ ಇರುತ್ತದೆ. ಬ್ಯಾಟರ್ ಓಡಿ ಮುಗಿದ ಮೇಲೆ ಪಿಚರ್ ಬಾಲ್ ಹಿಡಿದು ಆ ವೃತ್ತದೊಳಗೆ ನಿಂತರೆ, ಬೇಸ್ ಬಿಟ್ಟು ನಿಂತಿರುವ ರನ್ನರ್ ತಕ್ಷಣ ಮುಂದಕ್ಕೆ ಹೋಗಬೇಕು, ಇಲ್ಲವೇ ಹಿಂದಕ್ಕೆ ಬರಬೇಕು. ನಡುವೆ ನಿಂತು ಆಟ ಆಡಿಸಿದರೆ ಔಟ್. ಆದ್ದರಿಂದ ನಮ್ಮ ಚಿಕ್ಕ ಮಕ್ಕಳಿಗೆ ಹೇಳುವುದು ಇಷ್ಟೇ: ಎಲ್ಲಿಗೆ ಎಂದು ಗೊತ್ತಾಗದಿದ್ದರೆ ಪಿಚರ್‌ಗೆ ಕೊಡಿ. ಶಾಲಾ ಮ್ಯಾಚುಗಳಲ್ಲಿ ಒಂದು ಔಟಿನ ಆಸೆಗೆ ಎಸೆದ ಬಾಲ್ ತೋಟಕ್ಕೆ ಹೋಗಿ ಎರಡು ಮೂರು ರನ್ ಕೊಟ್ಟದ್ದನ್ನು ನಾವೆಲ್ಲ ಎಷ್ಟು ಸಲ ನೋಡಿಲ್ಲ?

ಓಡುವವರ ಬುದ್ಧಿ ಬೇರೆ ಪಾಠ. ನಮ್ಮ ಹುಡುಗಿಯರೆಲ್ಲ ಕ್ರಿಕೆಟ್ ನೋಡಿ ಬೆಳೆದವರು. ಹೊಡೆದ ಮೇಲೆ ಬಾಲ್ ಎಲ್ಲಿ ಹೋಯಿತೆಂದು ನೋಡುತ್ತಾ ನಿಲ್ಲುತ್ತಾರೆ. ಇಲ್ಲಿ ಗೆರೆಯೊಳಗೆ ಬಿದ್ದ ಬಾಲಿಗೆ ಓಡಲೇಬೇಕು. ಫಸ್ಟ್ ಬೇಸ್ ಹತ್ತಿರ ಬಂದಾಗ ಕಾಲು ನಿಧಾನ ಮಾಡುತ್ತಾರೆ. ಬೇಸ್ ದಾಟಿ ಸೀದಾ ಓಡಿದರೆ ಏನೂ ಆಗುವುದಿಲ್ಲ, ಸೆಕೆಂಡಿನ ಕಡೆಗೆ ಹೊರಡದಿದ್ದರೆ ಸಾಕು ಎಂದು ಮತ್ತೆ ಮತ್ತೆ ಹೇಳಬೇಕು. ಪಿಚರ್ ಕೈಯಿಂದ ಬಾಲ್ ಬಿಡುವವರೆಗೆ ರನ್ನರ್ ಬೇಸ್ ಬಿಡುವ ಹಾಗಿಲ್ಲ. ಹಾಗಾಗಿ ರನ್ನರ್‌ಗೂ ಕಾಯುವ ಹೊತ್ತು ಸಿಗುತ್ತದೆ. ಆ ಹೊತ್ತಿನಲ್ಲಿ ಅವಳೂ ಪ್ರಶ್ನೆ ಕೇಳಿಕೊಳ್ಳಬೇಕು. ನೆಲದ ಬಾಲ್ ಆದರೆ ಓಡಲೇಬೇಕಾ? ಮೇಲೆ ಹೋದರೆ ಎಷ್ಟು ದೂರ ಹೋಗಿ ನಿಲ್ಲಲಿ? ನೇರವಾಗಿ ಬಾಣದ ಹಾಗೆ ಹೋದರೆ ಹಿಂದಕ್ಕೆ ಒಂದು ಹೆಜ್ಜೆ, ನೆಲಕ್ಕೆ ಬೀಳುವ ಮೊದಲು ಯಾರಾದರೂ ಹಿಡಿದರೆ ತನ್ನ ಬೇಸಿಗೆ ಹಿಂದೆ ಬರಬೇಕಲ್ಲ. ಎರಡು ಔಟ್ ಆಗಿದ್ದರೆ ಯಾವುದಕ್ಕೂ ಕಾಯಬೇಡ, ಬ್ಯಾಟಿಗೆ ತಾಗಿದ ಕೂಡಲೇ ಓಡು.

ಆ ನೇರ ಬಾಲಿನ ವಿಷಯಕ್ಕೆ ಮಕ್ಕಳಿಗೆ ನಾನು ತೋರಿಸುವುದು ಟೋಕಿಯೊ ಒಲಿಂಪಿಕ್ಸಿನ ಫೈನಲ್. 2021ರ ಜುಲೈ 27, ಜಪಾನ್ ಮತ್ತು ಅಮೆರಿಕ. ಜಪಾನ್ 2-0 ಮುಂದಿತ್ತು, ಆರನೇ ಇನ್ನಿಂಗ್ಸ್, ಅಮೆರಿಕದ ರನ್ನರ್‌ಗಳು ಬೇಸಿನಲ್ಲಿದ್ದರು. ಅಮಾಂಡಾ ಚಿಡೆಸ್ಟರ್ ಹೊಡೆದ ರಭಸದ ಬಾಲ್ ಥರ್ಡ್ ಬೇಸಿನ ಯು ಯಮಾಮೊಟೊ ಅವರ ಕೈಗೆ ಬಡಿದು ಹಾರಿತು. ನೆಲಕ್ಕೆ ಬೀಳುವ ಮೊದಲೇ ಶಾರ್ಟ್‌ಸ್ಟಾಪ್ ಮಾನಾ ಅತ್ಸುಮಿ ಹಿಡಿದರು. ಹಿಡಿದದ್ದೇ ಸೆಕೆಂಡ್ ಬೇಸಿಗೆ ಎಸೆದರು. ಅಲ್ಲಿಂದ ಹೊರಟಿದ್ದ ರನ್ನರ್‌ಗೆ ಹಿಂದೆ ಬರಲು ಆಗಲಿಲ್ಲ. ಒಂದೇ ಹೊಡೆತಕ್ಕೆ ಎರಡು ಔಟ್. ಆಟ 2-0ಗೇ ಮುಗಿದು ಜಪಾನ್ ಚಿನ್ನ ಗೆದ್ದಿತು. ಎಲ್ಲರೂ ಅದನ್ನು ಅದೃಷ್ಟ ಎನ್ನುತ್ತಾರೆ. ಬಾಲ್ ಹಾರಿ ಆ ಕಡೆ ಬಂದದ್ದು ಅದೃಷ್ಟ ಇರಬಹುದು. ಆದರೆ ಅತ್ಸುಮಿ ಅಲ್ಲಿಗೆ ಓಡಿ ಬಂದಿದ್ದರು, ತನ್ನ ಬಾಲ್ ಅಲ್ಲ ಎಂದು ನಿಂತಿರಲಿಲ್ಲ. ಹಿಡಿದ ಮೇಲೆ ಎಲ್ಲಿಗೆ ಎಂದು ಹುಡುಕಲೂ ಇಲ್ಲ. ನನ್ನ ಮಕ್ಕಳಿಗೆ ನಾಲ್ಕನೇ ಪ್ರಶ್ನೆಯ ಉತ್ತರವಾಗಿ ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ.

ಇನ್‌ಫೀಲ್ಡ್ ಫ್ಲೈ ನಿಯಮವನ್ನು (ಕೆಲವು ಸಂದರ್ಭಗಳಲ್ಲಿ, ಸುಲಭವಾಗಿ ಮೇಲೆ ಹೋದ ಬಾಲನ್ನು ಹಿಡಿಯದಿದ್ದರೂ ಬ್ಯಾಟರ್ ಔಟ್ ಎನ್ನುವುದನ್ನು) ನಾನು ಈ ವಯಸ್ಸಿಗೆ ಪೂರಾ ಬಿಡಿಸಿ ಹೇಳುವುದಿಲ್ಲ. ಹೈಸ್ಕೂಲಿಗೆ ಹೋದ ಮೇಲೆ ಕಲಿಯಲಿ. "ಮೇಲೆ ಹೋದ ಬಾಲನ್ನು ಹಿಡಿ, ರನ್ನರ್ ಆದರೆ ಬೇಸ್ ಹತ್ತಿರ ಇರು" ಎಂಬಷ್ಟು ಈಗ ಸಾಕು.

ಮ್ಯಾಚಿನ ದಿನದ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಗೆರೆಯಾಚೆ ನಿಂತು "ಬಿಸಾಡು, ಬಿಸಾಡು!" ಎಂದು ಕೂಗುವುದನ್ನು ದೊಡ್ಡವರು ನಿಲ್ಲಿಸಬೇಕು. ಟೀಚರ್‌ಗಳೂ, ಅಪ್ಪ ಅಮ್ಮಂದಿರೂ. ಪ್ರೀತಿಯಿಂದಲೇ ಕೂಗುತ್ತಾರೆ, ನನಗೆ ಗೊತ್ತು. ಆದರೆ ಮಗುವಿನ ತಲೆಯಲ್ಲಿ ಮೊದಲೇ ಒಂದು ನಿರ್ಧಾರ ಇದೆ. ನಿಮ್ಮ ಕೂಗು ಅದನ್ನು ಅಳಿಸಿಬಿಡುತ್ತದೆ. ಇಬ್ಬರು ಕೋಚ್ ಒಟ್ಟಿಗೆ ಎರಡು ಬೇಸಿನ ಹೆಸರು ಕೂಗಿ, ನಡುವೆ ಮಗು ಬಾಲ್ ಹಿಡಿದು ಕಲ್ಲಿನ ಹಾಗೆ ನಿಂತದ್ದನ್ನು ಒಂದು ಪಂದ್ಯದಲ್ಲಿ ನೋಡಿದ್ದೇನೆ. ಆಮೇಲೆ ಬೈಗುಳ ಬಿದ್ದದ್ದೂ ಆ ಮಗುವಿಗೇ. ನನಗೆ ಬಹಳ ಸಂಕಟವಾಯಿತು. ನಾವು ಅಭ್ಯಾಸದಲ್ಲಿ ಒಂದು ಇನ್ನಿಂಗ್ಸನ್ನು ಹೊರಗಿನವರು ಯಾರೂ ಮಾತಾಡದೆ ಆಡಿಸುತ್ತೇವೆ. ನಾನೂ ತುಟಿ ಬಿಚ್ಚುವುದಿಲ್ಲ. ಒಳಗಿನ ಒಂಬತ್ತು ಜನ ಮಾತ್ರ ಕೂಗಬಹುದು. ಶುರುವಿನಲ್ಲಿ ಮೈದಾನ ಸ್ಮಶಾನದಷ್ಟು ಮೌನ. ಸ್ವಲ್ಪ ದಿನ ಹೋದರೆ ಕ್ಯಾಚರ್ ಎದ್ದು ನಿಂತು ಎರಡು ಬೆರಳು ಎತ್ತಿ "ಎರಡು ಔಟ್, ಹತ್ತಿರದ ಬೇಸ್!" ಎನ್ನುತ್ತಾಳೆ. ಔಟ್‌ಫೀಲ್ಡಿನಿಂದ ಎರಡು ಬೆರಳು ಮೇಲೇಳುತ್ತವೆ. ಅಲ್ಲಿಂದ ಮುಂದೆ ಆಟ ಅವರದ್ದು.

ಮ್ಯಾಚ್ ನಡೆಯುವಾಗ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಎರರ್, ಅಂದರೆ ಫೀಲ್ಡಿಂಗಿನ ತಪ್ಪು, ಎಷ್ಟು ಎಂದಲ್ಲ. ಯಾರು ಬಾಲ್ ಇಲ್ಲದಾಗ ಓಡಿದರು, ಯಾರು ಮೊದಲು ಕೂಗಿದರು, ಯಾರು ಎಸೆಯದೆ ಇಟ್ಟುಕೊಂಡರು. ಮುಗಿದ ಮೇಲೆ ಮೊದಲು ತಿಂಡಿ, ಆಮೇಲೆ ಮಾತು. ಸೋತ ದಿನವೂ ಅಷ್ಟೇ.

ಈಗ ನನಗೆ ಬೇಕಾಗಿರುವುದು ಎದುರಾಳಿಗಳು. ನಮ್ಮವರೇ ನಮ್ಮವರ ಜೊತೆ ಆಡಿದರೆ ಯಾರು ಎಷ್ಟು ಓಡುತ್ತಾರೆ, ಯಾರ ಎಸೆತ ಎಷ್ಟು ದೂರ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಹೊಸದಾಗಿ ನೋಡಲು ಏನೂ ಇರುವುದಿಲ್ಲ. ಕುಂಬಳೆ, ಮಂಜೇಶ್ವರ, ಮುಳ್ಳೇರಿಯಾ ಕಡೆಯಲ್ಲಿ ಯು.ಪಿ. ಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸುವವರು ಇದ್ದರೆ ದಯವಿಟ್ಟು ತಿಳಿಸಿ. ಮಳೆ ಬಿಟ್ಟ ಮೇಲೆ ಶನಿವಾರ ಬೆಳಿಗ್ಗೆ ಸೇರಿ ಆಡೋಣ. ಕಪ್ಪು, ಸರ್ಟಿಫಿಕೇಟು ಏನೂ ಬೇಡ. ಮಧ್ಯಾಹ್ನದ ಗಂಜಿ ಚಟ್ನಿ ನಮ್ಮ ಕಡೆಯಿಂದ. ಗ್ಲೌಸ್ ಮಾತ್ರ ಇದ್ದಷ್ಟು ತನ್ನಿ. ಎಡಗೈಯವರ ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು, ನಮ್ಮಲ್ಲಿ ಎಡಗೈಯಲ್ಲಿ ಎಸೆಯುವ ಇಬ್ಬರಿದ್ದಾರೆ, ಅವರಿಗೆ ಸರಿಯಾದ ಗ್ಲೌಸ್ ಒಂದೂ ಇಲ್ಲ.